ಸಿಫಿಲಿಸ್: ಮರೆತುಹೋದ ರೋಗ, ಮರೆಯಬಾರದ ಪರೀಕ್ಷೆ

ಗರ್ಭಿಣಿಯರು ಮೊದಲ ಬಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಸ್ಪತ್ರೆಗೋ ಹೋದಾಗ ರಕ್ತ ತೆಗೆದು ಒಂದಷ್ಟು ಪರೀಕ್ಷೆಗಳನ್ನು ಮಾಡುತ್ತಾರೆ. ಹಿಮೋಗ್ಲೋಬಿನ್ ಎಷ್ಟಿದೆ, ರಕ್ತದ ಗುಂಪು ಯಾವುದು, ಸಕ್ಕರೆ ಅಂಶ ಹೇಗಿದೆ, ಎಚ್.ಐ.ವಿ. ಸೋಂಕು ಇದೆಯೇ ಎಂಬುದನ್ನೆಲ್ಲ ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಅವುಗಳ ಜೊತೆಗೇ ವಿ.ಡಿ.ಆರ್.ಎಲ್. ಅಥವಾ ಸಿಫಿಲಿಸ್ ಎಂಬ ಇನ್ನೊಂದು ಪರೀಕ್ಷೆಯೂ ಇರುತ್ತದೆ. ಹಿಮೋಗ್ಲೋಬಿನ್ ಕಡಿಮೆ ಎಂದರೆ ಅತ್ತೆ, ತಾಯಿ, ನೆರೆಮನೆಯವರೆಲ್ಲ ಬೀಟ್‌ರೂಟ್, ಖರ್ಜೂರ ಎಂದು ಓಡಾಡುತ್ತಾರೆ. ಆದರೆ ಈ ಇನ್ನೊಂದು ಪರೀಕ್ಷೆ ಆಗಿದೆಯೇ, ಅದರ ಫಲಿತಾಂಶ ಏನು ಎಂದು ಕೇಳುವವರು ತೀರಾ ಕಡಿಮೆ. ಅದು ಏನು ಎಂದು ಗೊತ್ತಿರುವವರು ಇನ್ನೂ ಕಡಿಮೆ.

ಏಡ್ಸ್ ಬಗ್ಗೆ ನಮ್ಮ ಚರ್ಚುಗಳಲ್ಲಿ, ಶಾಲೆಗಳಲ್ಲಿ, ಯುವಜನರ ಶಿಬಿರಗಳಲ್ಲಿ ಸಾಕಷ್ಟು ಮಾತನಾಡಿದ್ದೇವೆ. ಭಾರತದ ಕಥೋಲಿಕ ಧರ್ಮಸಭೆ 2005ರಲ್ಲಿಯೇ ಎಚ್.ಐ.ವಿ. ಕುರಿತು ತನ್ನ ನೀತಿಯನ್ನು ಪ್ರಕಟಿಸಿತು. ಧರ್ಮಭಗಿನಿಯರು ನಡೆಸುವ ಆಸ್ಪತ್ರೆಗಳು ರೋಗಿಗಳನ್ನು ಅಪ್ಪಿಕೊಂಡವು. ಆದರೆ ಎಚ್.ಐ.ವಿ.ಗಿಂತ ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲ ಮೊದಲೇ ಜಗತ್ತಿಗೆ ಗೊತ್ತಿದ್ದ, ಇಂದಿಗೂ ಮಕ್ಕಳನ್ನು ಗರ್ಭದಲ್ಲೇ ಕೊಲ್ಲುತ್ತಿರುವ, ಆದರೆ ಒಂದು ಹಳೆಯ ಇಂಜೆಕ್ಷನ್‌ನಿಂದ ಪೂರ್ತಿ ಗುಣವಾಗುವ ಸಿಫಿಲಿಸ್ ಬಗ್ಗೆ ನಾವು ಮಾತನಾಡುವುದೇ ಇಲ್ಲ. ಅದು ಅಜ್ಜಂದಿರ ಕಾಲದ ರೋಗ, ಈಗ ಇಲ್ಲ ಎಂಬುದು ಹೆಚ್ಚಿನವರ ಭಾವನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರ ಒಂದೇ ವರ್ಷದಲ್ಲಿ 15ರಿಂದ 49 ವರ್ಷ ವಯಸ್ಸಿನ 80 ಲಕ್ಷ ಮಂದಿಗೆ ಹೊಸದಾಗಿ ಈ ಸೋಂಕು ತಗಲಿತು. ಅದೇ ವರ್ಷ ಸುಮಾರು 11 ಲಕ್ಷ ಗರ್ಭಿಣಿಯರಲ್ಲಿ ಈ ಸೋಂಕು ಇತ್ತು. ಅದರಿಂದಾಗಿ 1,50,000 ಶಿಶುಗಳು ಗರ್ಭದಲ್ಲೇ ತೀರಿಕೊಂಡವು ಅಥವಾ ಸತ್ತು ಹುಟ್ಟಿದವು. ಇನ್ನೂ 70,000 ಶಿಶುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡವು.

ಈ ಅಂಕಿಗಳು ಬಡ ದೇಶಗಳದ್ದು ಮಾತ್ರ ಎಂದು ಯಾರೂ ತಿಳಿಯಬಾರದು. ಅಮೇರಿಕಾದಲ್ಲಿ 2022ರಲ್ಲಿ 3,700ಕ್ಕೂ ಹೆಚ್ಚು ಶಿಶುಗಳು ಸಿಫಿಲಿಸ್‌ನೊಂದಿಗೆ ಹುಟ್ಟಿದವು. ಹತ್ತು ವರ್ಷಗಳ ಹಿಂದಿನ ಸಂಖ್ಯೆಗೆ ಹೋಲಿಸಿದರೆ ಇದು ಹತ್ತು ಪಟ್ಟಿಗೂ ಹೆಚ್ಚು. ಇವುಗಳಲ್ಲಿ ಹತ್ತರಲ್ಲಿ ಒಂಬತ್ತನ್ನು ಸಕಾಲದ ಪರೀಕ್ಷೆ ಮತ್ತು ಚಿಕಿತ್ಸೆಯಿಂದ ತಡೆಯಬಹುದಿತ್ತು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಹೇಳಿತು.

ಹೆಸರಿನ ಹಿಂದಿನ ಕಥೆ

ಈ ರೋಗಕ್ಕೆ ನಮ್ಮಲ್ಲಿ 'ಪರಂಗಿ ಹುಣ್ಣು' ಎಂಬ ಹಳೆಯ ಹೆಸರೊಂದಿದೆ. ಪರಂಗಿ ಎಂದರೆ ಯುರೋಪಿನವ, ಮುಖ್ಯವಾಗಿ ಪೋರ್ಚುಗೀಸ. ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನೂ ಆ ಪದದಿಂದ ಕರೆದದ್ದುಂಟು. 1495ರಲ್ಲಿ ಫ್ರಾನ್ಸಿನ ಸೈನ್ಯ ಇಟಲಿಯ ನೇಪಲ್ಸ್ ನಗರದಲ್ಲಿದ್ದಾಗ ಯುರೋಪಿನಲ್ಲಿ ಈ ರೋಗ ಮೊದಲ ಬಾರಿ ದೊಡ್ಡದಾಗಿ ಹಬ್ಬಿತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದ. ಮುಂದಿನ ಶತಮಾನದ ಆಯುರ್ವೇದ ಗ್ರಂಥವಾದ 'ಭಾವಪ್ರಕಾಶ'ದಲ್ಲಿ ಇದಕ್ಕೆ 'ಫಿರಂಗ ರೋಗ' ಎಂದೇ ಹೆಸರು. ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯ ಡ ಓರ್ತ 1563ರಲ್ಲಿ ಅಚ್ಚು ಹಾಕಿಸಿದ ತನ್ನ ಪುಸ್ತಕದಲ್ಲಿ ಈ ರೋಗಕ್ಕೆ ಕೊಡುತ್ತಿದ್ದ ಚೀನಾ ದೇಶದ ಬೇರಿನ ಬಗ್ಗೆ ವಿವರವಾಗಿ ಬರೆದಿದ್ದಾನೆ. ಆ ಬೇರನ್ನೇ ನಮ್ಮ ಹಳ್ಳಿ ವೈದ್ಯರು ಚೋಪಚೀನಿ ಎನ್ನುವುದು.

ತಮಾಷೆಯೆಂದರೆ, ಯಾರೂ ಈ ರೋಗವನ್ನು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ. ಇಟಲಿಯವರು ಇದನ್ನು ಫ್ರೆಂಚರ ರೋಗ ಎಂದರು, ಫ್ರೆಂಚರು ನೇಪಲ್ಸ್‌ನವರ ರೋಗ ಎಂದರು, ನಾವು ಪರಂಗಿಯವರದ್ದು ಎಂದೆವು. ಐನೂರು ವರ್ಷಗಳ ನಂತರವೂ ನಮ್ಮ ಬುದ್ಧಿ ಹೆಚ್ಚು ಬದಲಾಗಿಲ್ಲ. ಇದು ಲಾರಿ ಚಾಲಕರದ್ದು, ಬೋಟಿನವರದ್ದು, ಪರದೇಶದಲ್ಲಿ ಇರುವವರದ್ದು, ನಮ್ಮ ಮನೆಯದ್ದಲ್ಲ ಎಂದು ಹೇಳುತ್ತೇವೆ. ಪರೀಕ್ಷೆಗೆ ಹೋಗದಿರಲು ಇದಕ್ಕಿಂತ ಸುಲಭವಾದ ನೆಪ ಬೇರೆ ಇಲ್ಲ.

ಕಾಣದಂತೆ ಅಡಗುವ ರೋಗ

ಸಿಫಿಲಿಸ್ ಬರುವುದು ಸ್ಕ್ರೂವಿನಂತೆ ಸುರುಳಿಯಾಕಾರದ ಒಂದು ರೋಗಾಣುವಿನಿಂದ. 1905ರಲ್ಲಿ ಬರ್ಲಿನ್ನಿನಲ್ಲಿ ಫ್ರಿಟ್ಸ್ ಶೌಡಿನ್ ಮತ್ತು ಎರಿಕ್ ಹಾಫ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಪತ್ತೆ ಹಚ್ಚಿದರು. ಇದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಗರ್ಭಿಣಿ ತಾಯಿಯಿಂದ ಮಗುವಿಗೆ ತಗಲುತ್ತದೆ. ಪರೀಕ್ಷಿಸದ ರಕ್ತ ಕೊಟ್ಟರೂ ಬರಬಹುದು. ದೇಹದಿಂದ ಹೊರಬಿದ್ದ ರೋಗಾಣು ಹೆಚ್ಚು ಹೊತ್ತು ಬದುಕುವುದಿಲ್ಲ. ಆದುದರಿಂದ ಒಂದೇ ಶೌಚಾಲಯ ಬಳಸಿದರೆ, ಒಂದೇ ಬಟ್ಟಲಲ್ಲಿ ಉಂಡರೆ, ಕೈ ಕುಲುಕಿದರೆ, ಚರ್ಚಿನ ಬಾಗಿಲಲ್ಲಿ ತೀರ್ಥದ ಪಾತ್ರೆಗೆ ಬೆರಳದ್ದಿದರೆ ಇದು ಬರುವುದಿಲ್ಲ.

ಈ ರೋಗದ ನಿಜವಾದ ಮೋಸ ಅದರ ನಡವಳಿಕೆಯಲ್ಲಿದೆ. ಸೋಂಕು ತಗಲಿದ ಸುಮಾರು ಮೂರು ವಾರಗಳಲ್ಲಿ, ಕೆಲವರಿಗೆ ಹತ್ತು ದಿನಗಳಲ್ಲಿ, ಕೆಲವರಿಗೆ ಮೂರು ತಿಂಗಳ ಹೊತ್ತಿಗೆ, ರೋಗಾಣು ಒಳಹೊಕ್ಕ ಜಾಗದಲ್ಲಿ ಒಂದು ಹುಣ್ಣು ಏಳುತ್ತದೆ. ಅದು ನೋಯುವುದಿಲ್ಲ. ಗಂಡಸರಿಗೆ ಕಣ್ಣಿಗೆ ಬೀಳಬಹುದು. ಹೆಂಗಸರಲ್ಲಿ ಅದು ಒಳಗಡೆ ಇದ್ದರೆ ಗೊತ್ತೇ ಆಗುವುದಿಲ್ಲ. ಬಾಯಿಯಲ್ಲಿ ಎದ್ದರೆ ಬಾಯಿಹುಣ್ಣು ಎಂದು ಸುಮ್ಮನಾಗುತ್ತೇವೆ. ಮೂರರಿಂದ ಆರು ವಾರಗಳಲ್ಲಿ ಚಿಕಿತ್ಸೆ ಇಲ್ಲದಿದ್ದರೂ ಅದು ತಾನೇ ಮಾಯುತ್ತದೆ.

ಇಲ್ಲಿಯೇ ಅನಾಹುತ ಆಗುವುದು. ಹುಣ್ಣು ಕಂಡ ಯುವಕ ನಾಚಿಕೆಯಿಂದ ವೈದ್ಯರ ಬಳಿ ಹೋಗದೆ ಮೆಡಿಕಲ್ ಶಾಪಿನಲ್ಲಿ ಒಂದು ಮುಲಾಮು ಕೇಳಿ ಹಚ್ಚುತ್ತಾನೆ. ಇಲ್ಲವೇ ಬಸ್ ನಿಲ್ದಾಣದ ಗೋಡೆಯ ಮೇಲೆ 'ಗುಪ್ತರೋಗ' ಎಂದು ಅಂಟಿಸಿದ ಚೀಟಿಯವನ ಬಳಿಗೆ ಹೋಗುತ್ತಾನೆ. ನಾಲ್ಕು ವಾರಗಳಲ್ಲಿ ಹುಣ್ಣು ಮಾಯುತ್ತದೆ. ಮುಲಾಮಿಗೆ ಒಳ್ಳೆಯ ಹೆಸರು, ಚೀಟಿಯವನಿಗೆ ಒಳ್ಳೆಯ ದುಡ್ಡು. ರೋಗಾಣು ಮಾತ್ರ ರಕ್ತದಲ್ಲಿ ಹರಿದು ದೇಹದಾದ್ಯಂತ ಸೇರಿಕೊಂಡಿರುತ್ತದೆ.

ಮುಂದಿನ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಎರಡನೆಯ ಹಂತ ಬರುತ್ತದೆ. ಮೈಮೇಲೆ ದದ್ದು ಏಳುತ್ತದೆ. ಅಂಗೈ ಮತ್ತು ಅಂಗಾಲಿನಲ್ಲಿಯೂ ಏಳುವುದು ಇದರ ವಿಶೇಷ. ಹೆಚ್ಚಾಗಿ ತುರಿಕೆ ಇರುವುದಿಲ್ಲ. ಸಣ್ಣ ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ಅಲ್ಲಲ್ಲಿ ಕೂದಲು ಉದುರುವುದು ಕಾಣಿಸಬಹುದು. ಔಷಧಿಯ ಅಲರ್ಜಿ, ಸೆಕೆಯ ಬೊಕ್ಕೆ ಎಂದು ತಪ್ಪು ತಿಳಿಯುವುದು ಸಹಜ. ಇದೂ ತಾನಾಗಿಯೇ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಮನುಷ್ಯ ದುಡಿಯುತ್ತಾನೆ. ಚಿಕಿತ್ಸೆ ಪಡೆಯದವರಲ್ಲಿ ಕೆಲವರಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ನಂತರ ಹೃದಯದ ಮಹಾಪಧಮನಿ, ಮೆದುಳು, ನರಗಳಿಗೆ ಹಾನಿಯಾಗುತ್ತದೆ. ಕಣ್ಣು ಮತ್ತು ಕಿವಿಗೆ ಯಾವ ಹಂತದಲ್ಲಾದರೂ ತೊಂದರೆಯಾಗಬಹುದು. ಸಿಫಿಲಿಸ್ ಹುಣ್ಣು ಇದ್ದಾಗ ಎಚ್.ಐ.ವಿ. ತಗಲುವ ಸಾಧ್ಯತೆಯೂ ಹೆಚ್ಚು. ಆದುದರಿಂದ ವೈದ್ಯರು ಎರಡನ್ನೂ ಒಟ್ಟಿಗೇ ಪರೀಕ್ಷಿಸುತ್ತಾರೆ.

ಗರ್ಭದಲ್ಲಿರುವ ಮಗು

ಧರ್ಮಗುರುಗಳಾದ ನಮಗೆ ಸತ್ತು ಹುಟ್ಟಿದ ಮಗುವಿನ ಅಂತ್ಯಕ್ರಿಯೆಗೆ ಕರೆ ಬರುವುದುಂಟು. ಜ್ಞಾನಸ್ನಾನಕ್ಕೆ ಮುನ್ನ ತೀರಿಕೊಂಡ ಮಗುವಿಗಾಗಿ ಧರ್ಮಸಭೆಯಲ್ಲಿ ಪ್ರತ್ಯೇಕ ಪ್ರಾರ್ಥನೆಗಳಿವೆ. ಚಿಕ್ಕ ಪೆಟ್ಟಿಗೆ, ನಾಲ್ಕೈದು ಮಂದಿ, ಮನೆಯಲ್ಲಿ ಮಲಗಿರುವ ತಾಯಿ. ದೇವರ ಚಿತ್ತ ಎಂದು ಹೇಳಿ ಎಲ್ಲರೂ ಮನೆಗೆ ಹೋಗುತ್ತಾರೆ. ಹೀಗೆ ಎರಡು ಸಲ, ಮೂರು ಸಲ ಆದ ಮನೆಗಳೂ ಇವೆ. ಮಗು ಗರ್ಭದಲ್ಲೇ ತೀರಿಕೊಳ್ಳಲು ಅನೇಕ ಕಾರಣಗಳಿವೆ, ಎಲ್ಲವೂ ಸಿಫಿಲಿಸ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಅಂತಹ ತಾಯಿಯನ್ನು ಸಂಶಯದಿಂದ ನೋಡಿದರೆ ಅದು ಘೋರ ಅನ್ಯಾಯ. ಆದರೆ ಆ ಒಂದು ಕಾರಣವನ್ನು ಪರೀಕ್ಷಿಸದೆ ದೇವರ ಚಿತ್ತ ಎಂದು ಹೇಳಿಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಇಂಜೆಕ್ಷನ್ನಿನಿಂದ ತಪ್ಪಿಸಬಹುದಾದ ಸಾವನ್ನು ದೇವರ ಲೆಕ್ಕಕ್ಕೆ ಬರೆಯಲು ನಮಗೆ ಅಧಿಕಾರವಿಲ್ಲ.

ತಾಯಿಯ ರಕ್ತದಲ್ಲಿರುವ ರೋಗಾಣು ಮಾಸುಚೀಲವನ್ನು ದಾಟಿ ಮಗುವನ್ನು ಸೇರುತ್ತದೆ. ಸೋಂಕು ಹೊಸದಾಗಿದ್ದಷ್ಟೂ ಅಪಾಯ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಇಂತಹ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಗರ್ಭಪಾತ, ಸತ್ತು ಹುಟ್ಟುವುದು, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕ ಅಥವಾ ಸೋಂಕಿರುವ ಮಗು ಎಂಬ ಯಾವುದಾದರೊಂದು ತೊಂದರೆಯಲ್ಲಿ ಮುಗಿಯುತ್ತವೆ. ಹುಟ್ಟುವಾಗ ಆರೋಗ್ಯವಾಗಿ ಕಾಣುವ ಮಗುವಿಗೂ ಕೆಲವು ವಾರಗಳ ನಂತರ ಮೂಗು ಸೋರುವುದು, ಅಂಗೈ ಅಂಗಾಲಿನಲ್ಲಿ ಚರ್ಮ ಸುಲಿಯುವುದು, ಹೊಟ್ಟೆ ಊದಿಕೊಳ್ಳುವುದು, ಕೈಕಾಲು ಮುಟ್ಟಿದರೆ ನೋವಿನಿಂದ ಅಳುವುದು ಶುರುವಾಗಬಹುದು. ಗಮನಕ್ಕೆ ಬಾರದೆ ಬೆಳೆದರೆ ಮುಂದೆ ಕಿವುಡು, ಕಣ್ಣಿನ ತೊಂದರೆ, ವಿಕಾರವಾದ ಹಲ್ಲು ಕಾಣಿಸಿಕೊಳ್ಳುತ್ತದೆ.

ಆದುದರಿಂದಲೇ ಮೊದಲ ಮೂರು ತಿಂಗಳೊಳಗೆ ಪರೀಕ್ಷೆ ಮಾಡಿಸಬೇಕೆಂದು ಹೇಳುವುದು. ನಮ್ಮ ದೇಶದಲ್ಲಿ ಎಲ್ಲ ಗರ್ಭಿಣಿಯರಿಗೆ ಎಚ್.ಐ.ವಿ. ಮತ್ತು ಸಿಫಿಲಿಸ್ ಎರಡನ್ನೂ ಪರೀಕ್ಷಿಸುವುದು ಸರ್ಕಾರದ ಕಾರ್ಯಕ್ರಮ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಇಪ್ಪತ್ತು ನಿಮಿಷಗಳೊಳಗೆ ಫಲಿತಾಂಶ ಹೇಳುವ ಕಿಟ್‌ಗಳು ಬಂದಿವೆ. ಒಂದೇ ಕಿಟ್ಟಿನಲ್ಲಿ ಎರಡೂ ಸೋಂಕುಗಳನ್ನು ನೋಡುವಂಥವೂ ಇವೆ. ತಾಯಿಗೆ ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಸರಿಯಾದ ಪೆನಿಸಿಲಿನ್ ಸಿಕ್ಕಿದರೆ ಹೆಚ್ಚಿನ ಮಕ್ಕಳು ಪಾರಾಗುತ್ತಾರೆ. ಕ್ಯೂಬಾ ದೇಶ 2015ರಲ್ಲಿ ತಾಯಿಯಿಂದ ಮಗುವಿಗೆ ಈ ಎರಡು ಸೋಂಕುಗಳು ಹರಡುವುದನ್ನು ನಿವಾರಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಿತು. ನಮ್ಮ ನೆರೆಯ ಶ್ರೀಲಂಕಾಕ್ಕೆ 2019ರಲ್ಲಿ ಆ ಮಾನ್ಯತೆ ಸಿಕ್ಕಿತು. ಶ್ರೀಲಂಕಾ ಸಾಧಿಸಿದ್ದನ್ನು ಕರಾವಳಿಯ ಎರಡು ಮೂರು ಜಿಲ್ಲೆಗಳು ಸಾಧಿಸಲಾರವೇ?

ನಮ್ಮ ಕರಾವಳಿಯಲ್ಲಿ ಎರಡು ವಿಷಯ ವಿಶೇಷವಾಗಿ ಗಮನಿಸಬೇಕು. ಒಂದು, ಚೊಚ್ಚಲ ಹೆರಿಗೆಗೆ ಮಗಳು ಏಳನೇ ಎಂಟನೇ ತಿಂಗಳಲ್ಲಿ ತವರುಮನೆಗೆ ಬರುತ್ತಾಳೆ. ಮೊದಲು ತೋರಿಸಿದ ಆಸ್ಪತ್ರೆ ಒಂದು, ಹೆರಿಗೆಯ ಆಸ್ಪತ್ರೆ ಇನ್ನೊಂದು. ಮೊದಲ ಕಡೆ ರಕ್ತ ಕೊಟ್ಟು ವರದಿ ತಾರದೆ ಬಂದರೆ, ಎರಡನೆಯ ಕಡೆಯವರು ಅಲ್ಲಿ ಆಗಿರಬಹುದು ಎಂದುಕೊಂಡರೆ, ಪರೀಕ್ಷೆ ಎರಡೂ ಕಡೆ ತಪ್ಪಿಹೋಗುತ್ತದೆ. ಎರಡು, ಗಂಡ ಗಲ್ಫಿನಲ್ಲೋ ಹಡಗಿನಲ್ಲೋ ಮುಂಬಯಿಯಲ್ಲೋ ಇದ್ದು ಹೆಂಡತಿಯ ಐದನೇ ಆರನೇ ತಿಂಗಳಲ್ಲಿ ರಜೆಯಲ್ಲಿ ಬರುತ್ತಾರೆ. ಮೂರನೇ ತಿಂಗಳಲ್ಲಿ ಮಾಡಿದ ಪರೀಕ್ಷೆ ಆ ದಿನದವರೆಗಿನ ಲೆಕ್ಕವನ್ನು ಮಾತ್ರ ಹೇಳುತ್ತದೆ, ಆಮೇಲೆ ತಗಲಿದ್ದನ್ನು ಹೇಳುವುದಿಲ್ಲ. ಏಳನೇ ಎಂಟನೇ ತಿಂಗಳಲ್ಲಿ ಇನ್ನೊಮ್ಮೆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ಗಂಡನ ಮೇಲೆ ಅಪನಂಬಿಕೆ ಇಲ್ಲ. ಮಗುವಿನ ಮೇಲೆ ಕಾಳಜಿ ಇದೆ ಅಷ್ಟೇ.

ವರದಿಯನ್ನು ಓದುವುದು ಹೇಗೆ?

ವಿ.ಡಿ.ಆರ್.ಎಲ್. ಎನ್ನುವುದು ಈ ಪರೀಕ್ಷೆಯನ್ನು 1946ರಲ್ಲಿ ರೂಪಿಸಿದ ನ್ಯೂಯಾರ್ಕಿನ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳು. ಆರ್.ಪಿ.ಆರ್. ಎಂಬುದೂ ಅದೇ ಜಾತಿಯದ್ದು. ಇವು ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ರೋಗದಿಂದ ದೇಹದಲ್ಲಿ ಆಗುವ ಹಾನಿಗೆ ಹುಟ್ಟುವ ಪ್ರತಿಕಾಯಗಳನ್ನು ಅಳೆಯುತ್ತವೆ. ಆದುದರಿಂದ ಬೇರೆ ಕಾರಣಗಳಿಂದಲೂ ಪಾಸಿಟಿವ್ ಬರಬಹುದು. ಮಲೇರಿಯಾ, ಕುಷ್ಠ, ಲೂಪಸ್‌ನಂತಹ ಕೆಲವು ಕಾಯಿಲೆಗಳು, ಕೆಲವೊಮ್ಮೆ ಗರ್ಭಾವಸ್ಥೆಯೇ ಹಾಗೆ ಮಾಡಬಹುದು. ಮಲೇರಿಯಾದ ಪರಿಚಯ ಚೆನ್ನಾಗಿರುವ ಮಂಗಳೂರಿನವರು ಇದನ್ನು ನೆನಪಿಡುವುದು ಒಳ್ಳೆಯದು. ಒಂದು ವಿ.ಡಿ.ಆರ್.ಎಲ್. ಪಾಸಿಟಿವ್ ಎಂದ ಮಾತ್ರಕ್ಕೆ ಮನೆಯಲ್ಲಿ ಜಗಳ ಎಬ್ಬಿಸಬಾರದು.

ಖಚಿತಪಡಿಸಲು ಟಿ.ಪಿ.ಎಚ್.ಎ.ಯಂತಹ ಎರಡನೆಯ ಪರೀಕ್ಷೆ ಇದೆ. ಇದು ಇದೇ ರೋಗಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ಹುಡುಕುತ್ತದೆ. ಆದರೆ ರೋಗ ಪೂರ್ತಿ ಗುಣವಾದ ಮೇಲೂ ಹೆಚ್ಚಿನವರಲ್ಲಿ ಇದು ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಹಳೆಯ ಗಾಯದ ಕಲೆಯಂತೆ. ಗಲ್ಫಿಗೆ ಹೋಗುವವರ ವೈದ್ಯಕೀಯ ತಪಾಸಣೆಯಲ್ಲಿ, ಅಂದರೆ ನಮ್ಮ ಜನ ಇಂದಿಗೂ 'ಗಾಮ್ಕಾ ಮೆಡಿಕಲ್' ಎನ್ನುವುದರಲ್ಲಿ, ಸಿಫಿಲಿಸ್ ಪರೀಕ್ಷೆಯೂ ಸೇರಿದೆ. ಅನೇಕ ಯುವಕರು ತಮಗೆ ಈ ಸೋಂಕು ಇದ್ದದ್ದನ್ನು ಮೊದಲು ತಿಳಿಯುವುದು ಅಲ್ಲಿಯೇ. ಕೆಲಸ ತಪ್ಪಿತೆಂಬ ದುಃಖದಲ್ಲಿ ಚಿಕಿತ್ಸೆಯ ಮಾತು ಮರೆತುಹೋಗುತ್ತದೆ. ವೀಸಾ ಸಿಗಲಿ ಬಿಡಲಿ, ಅಂತಹವರು ಚರ್ಮ ಮತ್ತು ಲೈಂಗಿಕ ರೋಗ ತಜ್ಞರನ್ನು ಕಂಡು ಚಿಕಿತ್ಸೆ ಪಡೆಯಬೇಕು, ಹೆಂಡತಿಯಿದ್ದರೆ ಆಕೆಯನ್ನೂ ಕರೆದೊಯ್ಯಬೇಕು. ಚಿಕಿತ್ಸೆಯ ಚೀಟಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಯಾವ ವೈದ್ಯರು ನೋಡಿದರೂ ಆ ಚೀಟಿ ಇಲ್ಲದೆ ಹಳೆಯದು ಯಾವುದು, ಹೊಸದು ಯಾವುದು ಎಂದು ಹೇಳುವುದು ಕಷ್ಟ.

ವಿ.ಡಿ.ಆರ್.ಎಲ್. ವರದಿಯಲ್ಲಿ 1:8, 1:32 ಎಂಬಂತಹ ಅಂಕಿಗಳು ಇರುತ್ತವೆ. ಎರಡನೆಯ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯದ ಪ್ರಮಾಣ ಹೆಚ್ಚು. ಚಿಕಿತ್ಸೆಯ ನಂತರ ಇದು ಇಳಿಯಬೇಕು. 1:32 ಇದ್ದದ್ದು ಆರು ತಿಂಗಳು, ವರ್ಷದೊಳಗೆ 1:8ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಬಂದರೆ ಔಷಧಿ ಕೆಲಸ ಮಾಡಿದೆ ಎಂದು ಅರ್ಥ. ಇಂಜೆಕ್ಷನ್ ತೆಗೆದುಕೊಂಡು ಮತ್ತೆ ಆ ಕಡೆ ತಲೆ ಹಾಕದಿರುವುದು ನಮ್ಮವರ ಅಭ್ಯಾಸ. ವೈದ್ಯರು ಹೇಳಿದ ದಿನ ಮರುಪರೀಕ್ಷೆಗೆ ಹೋಗಲೇಬೇಕು. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ಸಂಶಯವಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕಾಗುತ್ತದೆ.

ನಮ್ಮ ಯುವಜನರು ಚರ್ಚಿನ ಸಭಾಂಗಣದಲ್ಲಿ ರಕ್ತದಾನ ಶಿಬಿರಗಳನ್ನು ಉತ್ಸಾಹದಿಂದ ನಡೆಸುತ್ತಾರೆ. ದಾನವಾಗಿ ಬಂದ ಪ್ರತಿ ಬಾಟಲಿಯನ್ನು ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಮಲೇರಿಯಾ ಹಾಗೂ ಸಿಫಿಲಿಸ್‌ಗಾಗಿ ಪರೀಕ್ಷಿಸುವುದು ಕಡ್ಡಾಯ. ಆದರೆ ತನಗೆ ರೋಗ ಇದೆಯೋ ಇಲ್ಲವೋ ಎಂದು ತಿಳಿಯಲಿಕ್ಕಾಗಿ ಯಾರೂ ರಕ್ತದಾನ ಮಾಡಬಾರದು. ಅದಕ್ಕೆ ಬೇರೆ ಜಾಗವಿದೆ. ಶಿಬಿರದ ನಂತರ ರಕ್ತನಿಧಿಯಿಂದ ನಮ್ಮ ಮೊಬೈಲಿಗೆ ಕರೆ ಬಂದರೆ ತಪ್ಪಿಸಿಕೊಳ್ಳಬಾರದು.

ಒಂದು ಹಳೆಯ ಇಂಜೆಕ್ಷನ್

1943ರಲ್ಲಿ ಅಮೇರಿಕಾದ ವೈದ್ಯ ಜಾನ್ ಮಹೋನಿ ಮತ್ತು ಅವರ ಸಂಗಡಿಗರು ಪೆನಿಸಿಲಿನ್ನಿನಿಂದ ಸಿಫಿಲಿಸ್ ಗುಣವಾಗುವುದನ್ನು ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೂ ಅದೇ ಮೊದಲ ಔಷಧಿ. ಬೆಂಜಥೈನ್ ಪೆನಿಸಿಲಿನ್ ಎಂಬ ಇಂಜೆಕ್ಷನ್ನನ್ನು 24 ಲಕ್ಷ ಯೂನಿಟ್ ಪ್ರಮಾಣದಲ್ಲಿ ಸೊಂಟದ ಕೆಳಗಿನ ಮಾಂಸಖಂಡಕ್ಕೆ ಕೊಡುತ್ತಾರೆ. ಹೊಸ ಸೋಂಕಿಗೆ ಒಂದು ಸಲ ಸಾಕು. ಹಳೆಯದಾಗಿದ್ದರೆ ಅಥವಾ ಎಷ್ಟು ಹಳೆಯದು ಎಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು. ಗಂಟಲು ನೋವಿನ ನಂತರ ಹೃದಯದ ಕವಾಟ ಹಾಳಾದ ಮಕ್ಕಳಿಗೆ ಮೂರು ಮೂರು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೇ. ಹಾಗಾಗಿ ನಮ್ಮ ಧರ್ಮಭಗಿನಿಯರ ಎಷ್ಟೋ ಚಿಕಿತ್ಸಾಲಯಗಳಿಗೆ ಇದು ಹೊಸದಲ್ಲ. ಮೊದಲ ದಿನ ಜ್ವರ, ಮೈಕೈ ನೋವು ಬರುವುದುಂಟು. ಅದು ರೋಗಾಣುಗಳು ಸಾಯುವಾಗಿನ ಪ್ರತಿಕ್ರಿಯೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಬೇರೆ ಮಾತ್ರೆಗಳಿವೆ. ಗರ್ಭಿಣಿಯರಿಗೆ ಮಾತ್ರ ಪೆನಿಸಿಲಿನ್ನೇ ಆಗಬೇಕು. ಮಗುವನ್ನು ಕಾಪಾಡುವುದು ಅದೊಂದೇ. ಅಲರ್ಜಿ ಇದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಜಾಗ್ರತೆಯಿಂದ ದೇಹವನ್ನು ಅದಕ್ಕೆ ಒಗ್ಗಿಸಿ ಕೊಡುತ್ತಾರೆ.

ಒಬ್ಬರಿಗೆ ಮಾತ್ರ ಚಿಕಿತ್ಸೆ ಕೊಟ್ಟರೆ ಪ್ರಯೋಜನವಿಲ್ಲ. ಒಮ್ಮೆ ಬಂದು ಹೋದ ಸಿಫಿಲಿಸ್ ಮತ್ತೆ ಬಾರದೆಂಬ ರಕ್ಷಣೆ ಇಲ್ಲ. ಹೆಂಡತಿಗೆ ಇಂಜೆಕ್ಷನ್ ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಮರಳಿ ಬರುತ್ತದೆ. ಇಬ್ಬರಿಗೂ ಚಿಕಿತ್ಸೆ ಮುಗಿದು ವೈದ್ಯರು ಹೇಳುವವರೆಗೆ ದೂರವಿರಬೇಕು.

ಔಷಧಿ ಇದ್ದೂ ಕೊಡದೆ ಉಳಿಸಿದ ಕರಾಳ ಕಥೆಯೊಂದೂ ಈ ರೋಗಕ್ಕೆ ಇದೆ. ಅಮೇರಿಕಾದ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆಯೇ 399 ಮಂದಿ ಬಡ ಕಪ್ಪು ಜನಾಂಗದ ರೋಗಿಗಳನ್ನು ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಾ ಹೋಯಿತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಧ್ಯಕ್ಷ ಬಿಲ್ ಕ್ಲಿಂಟನ್ 1997ರಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಅಲ್ಲಿ ತಿಳಿದವರು ಬೇಕೆಂದೇ ಮುಚ್ಚಿಟ್ಟರು. ನಮ್ಮಲ್ಲಿ ನಾಚಿಕೆ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ.

ಮದುವೆ, ಪಾಪನಿವೇದನೆ ಮತ್ತು ಗುಟ್ಟು

ವಿವಾಹ ಪೂರ್ವ ತರಬೇತಿ ಶಿಬಿರಗಳಲ್ಲಿ ವೈದ್ಯರ ತರಗತಿ ಇರುತ್ತದೆ. ಯುವಕ ಯುವತಿಯರು ಚೀಟಿಯಲ್ಲಿ ಬರೆದು ಕೊಡುವ ಪ್ರಶ್ನೆಗಳಲ್ಲಿ ರಕ್ತದ ಗುಂಪು ಹೊಂದಬೇಕೇ ಎಂಬುದು ಪ್ರತಿ ಬಾರಿಯೂ ಇರುತ್ತದೆ. ಸಿಫಿಲಿಸ್ ಕುರಿತು ಯಾರೂ ಕೇಳುವುದಿಲ್ಲ. ಮದುವೆಗೆ ಮುಂಚೆ ಇಬ್ಬರೂ ಸೇರಿ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹುಡುಗಿಯ ಮನೆಯವರು ಹುಡುಗನದ್ದನ್ನು ಮಾತ್ರ ಕೇಳುವುದೂ, ಹುಡುಗನ ಮನೆಯವರು ಹುಡುಗಿಯದ್ದನ್ನು ಮಾತ್ರ ಕೇಳುವುದೂ ಸರಿಯಲ್ಲ. ವರದಿಯನ್ನು ಧರ್ಮಗುರುಗಳಿಗೆ ತಂದುಕೊಡಬೇಕಾಗಿಲ್ಲ. ನಾವು ಕೇಳಲೂ ಬಾರದು. ಅದು ಆ ಇಬ್ಬರ ಮತ್ತು ವೈದ್ಯರ ನಡುವಿನ ವಿಷಯ. ಪಾಸಿಟಿವ್ ಬಂದರೆ ಮದುವೆ ಮುರಿಯಬೇಕೆಂದೂ ಇಲ್ಲ. ಚಿಕಿತ್ಸೆ ಪಡೆದು, ವೈದ್ಯರ ಸಲಹೆಯಂತೆ ದಿನಾಂಕ ಸ್ವಲ್ಪ ಮುಂದೆ ಹಾಕಿದರೆ ಸಾಕು.

ಆದರೆ ಮುಚ್ಚಿಡುವುದು ಬೇರೆ ವಿಷಯ. ಧರ್ಮಸಭೆಯ ಕಾನೂನಿನ 1098ನೇ ನಿಯಮದ ಪ್ರಕಾರ, ದಾಂಪತ್ಯ ಜೀವನವನ್ನು ಗಂಭೀರವಾಗಿ ಕದಡಬಲ್ಲ ಸಂಗತಿಯೊಂದನ್ನು ಮದುವೆಗೆ ಒಪ್ಪಿಗೆ ಪಡೆಯುವುದಕ್ಕಾಗಿಯೇ ಮೋಸದಿಂದ ಮುಚ್ಚಿಟ್ಟರೆ ಆ ವಿವಾಹವೇ ಅಸಿಂಧುವಾಗಬಹುದು. ಗಂಭೀರ ಸಾಂಕ್ರಾಮಿಕ ರೋಗವನ್ನು ಬೇಕೆಂದೇ ಬಚ್ಚಿಡುವುದನ್ನು ಧರ್ಮಸಭೆಯ ಕಾನೂನು ಪಂಡಿತರು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ.

ಪಾಪನಿವೇದನೆಯಲ್ಲಿ ಹೇಳಿಕೊಂಡದ್ದನ್ನು ಧರ್ಮಗುರು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ, ಹೆಂಡತಿಯ ಪ್ರಾಣ ಹೋಗುತ್ತದೆಂದರೂ ಇಲ್ಲ. ಇದು ನಮ್ಮ ಜನರಿಗೆ ಗೊತ್ತಿದೆ. ಗೊತ್ತಿರುವುದರಿಂದಲೇ ವೈದ್ಯರಿಗೆ ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ಆದರೆ ಕ್ಷಮೆ ಸಿಕ್ಕಿತೆಂದು ರಕ್ತದಲ್ಲಿರುವ ರೋಗಾಣು ಹೋಗುವುದಿಲ್ಲ. ಈ ಮಾತನ್ನು ಅಲ್ಲಿಯೇ, ಪ್ರೀತಿಯಿಂದ, ನೇರವಾಗಿ ಹೇಳಿ ಪರೀಕ್ಷೆಗೆ ಕಳುಹಿಸುವ ಜವಾಬ್ದಾರಿ ನಮ್ಮದು. ಸಂಸಾರದ ಮೇಲಿನ ನಿಷ್ಠೆ, ಬ್ರಹ್ಮಚರ್ಯ ಕುರಿತ ಧರ್ಮಸಭೆಯ ಬೋಧನೆ ಎಲ್ಲರಿಗೂ ತಿಳಿದದ್ದೇ; ಅದರಲ್ಲಿ ಬದಲಾವಣೆ ಇಲ್ಲ. ಆದರೆ ಪರೀಕ್ಷೆಯ ಬಾಗಿಲಲ್ಲಿ ನಿಂತು ಉಪದೇಶ ಮಾಡಿದರೆ ಜನ ಬಾಗಿಲಿನಿಂದಲೇ ಹಿಂತಿರುಗುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರೆಂದು ವಿಚಾರಣೆಗೆ ತೊಡಗುತ್ತಾರೆ. ಯೇಸು ಸ್ವಾಮಿ ಆ ವಿಚಾರಣೆಯನ್ನು ಪಕ್ಕಕ್ಕೆ ಸರಿಸಿ ಕಣ್ಣು ಕೊಡುವ ಕೆಲಸಕ್ಕೆ ಹೋಗುತ್ತಾರೆ. ಸೋಂಕು ತಗಲಿದ ಎಷ್ಟೋ ಹೆಂಗಸರು ಜೀವನದಲ್ಲಿ ತಮ್ಮ ಗಂಡನನ್ನು ಬಿಟ್ಟು ಬೇರೆಯವರನ್ನು ಅರಿತವರಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ವಾರ್ಡಿನ ಗುರಿಕಾರರು, ಸ್ತ್ರೀ ಸಂಘಟನೆಯ ಸದಸ್ಯೆಯರು, ಆರೋಗ್ಯ ಆಯೋಗದವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ವಾರ್ಡಿನಲ್ಲಿ ಗರ್ಭಿಣಿಯರಿದ್ದರೆ 'ರಕ್ತಪರೀಕ್ಷೆ ಎಲ್ಲ ಆಯಿತೇ ಮಗಳೇ, ಕಾರ್ಡು ತುಂಬಿಸಿದ್ದಾರೆಯೇ?' ಎಂದು ಕೇಳುವುದು. ಫಲಿತಾಂಶ ಕೇಳಬಾರದು. ಯಾರದ್ದಾದರೂ ವಿಷಯ ಕಿವಿಗೆ ಬಿದ್ದರೆ ಅದು ಅಲ್ಲಿಗೇ ನಿಲ್ಲಬೇಕು. ಫೆಬ್ರವರಿ 11ರ ವಿಶ್ವ ರೋಗಿಗಳ ದಿನದ ಸುಮಾರಿಗೆ ನಡೆಯುವ ವೈದ್ಯಕೀಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ನೋಡುವಂತೆ ಇದನ್ನೂ ಸಾಲಿನಲ್ಲಿ ನಿಲ್ಲಿಸಿ ನೋಡುವುದು ಬೇಡ. ಒಬ್ಬರ ಮುಖ ಬಾಡಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಅಲ್ಲಿ ಮಾಹಿತಿ ಕೊಡಿ, ಪರೀಕ್ಷೆಗೆ ಆಸ್ಪತ್ರೆಗೆ ಕಳುಹಿಸಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಜಿಲ್ಲಾ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಹೆಸರಿನ ವಿಭಾಗಗಳಿವೆ. ಅಲ್ಲಿ ಆಪ್ತ ಸಮಾಲೋಚಕರು ಒಬ್ಬೊಬ್ಬರನ್ನೇ ಕೂರಿಸಿ ಮಾತನಾಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಹತ್ತಿರದ ಕೇಂದ್ರ ಎಲ್ಲಿದೆಯೆಂದು ಕೇಳಬಹುದು, ಹೆಸರು ಹೇಳಬೇಕಾಗಿಲ್ಲ. 2016ರಿಂದ ಪ್ರತಿ ತಿಂಗಳ 9ನೇ ತಾರೀಕಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ; ಅದರಲ್ಲಿ ಸಿಫಿಲಿಸ್ ಪರೀಕ್ಷೆಯೂ ಸೇರಿದೆ. ತಾಯಿಗೆ ಸೋಂಕು ಇದ್ದಿದ್ದರೆ ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳೂ ಇರುತ್ತವೆ. ಆದುದರಿಂದ ಮಗುವಿನ ವರದಿ ಪಾಸಿಟಿವ್ ಬಂದರೂ ಅಷ್ಟಕ್ಕೇ ಮಗುವಿಗೆ ರೋಗವಿದೆ ಎಂದಾಗುವುದಿಲ್ಲ. ಮಕ್ಕಳ ವೈದ್ಯರು ತಾಯಿಯ ಅಂಕಿ ಮತ್ತು ಮಗುವಿನ ಅಂಕಿ ಎರಡನ್ನೂ ಹೋಲಿಸಿ, ಬೇಕಾದರೆ ಹತ್ತು ದಿನಗಳ ಪೆನಿಸಿಲಿನ್ ಕೊಡುತ್ತಾರೆ. ಅದಕ್ಕಾಗಿ ಹೆರಿಗೆಗೆ ತವರಿಗೆ ಹೊರಡುವಾಗ ಬಟ್ಟೆಯ ಚೀಲದಲ್ಲಿ ತಾಯಿ ಕಾರ್ಡು, ರಕ್ತಪರೀಕ್ಷೆಯ ಎಲ್ಲ ವರದಿಗಳು ಮತ್ತು ಇಂಜೆಕ್ಷನ್ ಕೊಟ್ಟ ದಿನಾಂಕವಿರುವ ಚೀಟಿ ಇರಬೇಕು.